ಕಂದು ಗಾಜಿನ ಸಾಕ್ಷಿ

ಕಂತು ಹದಿನಾಲ್ಕು

“ಎಷ್ಟು ತಿಕ್ಕಿದ್ರೂ ಹೋಗವಲ್ದುರಿ ಅಮ್ಮಾರ. ನಿಂಬಿಹಣ್ಣು ಹಚ್ಚೀನಿ, ಸೋಡಾಪುಡಿ ಹಾಕೀನಿ. ಇದು ಮ್ಯಾಲಿನ ಕೊಳಿ ಅಲ್ರಿ. ಒಳಗ ಹೊಕ್ಕೊಂಡು ಕುಂತೈತಿ.”

ಕಸಗುಡಿಸುವ ಅಂಬಮ್ಮ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಎಸೆದು ಹಿಂದೆ ಸರಿದಳು. ಇನ್‌ಸ್ಪೆಕ್ಟರ್ ಅಂಜನಾ ಮೇಜಿನ ಮೇಲೆ ಬಗ್ಗಿದಳು.

ಮೇಜಿಗೆ ದಪ್ಪ ಗಾಜು ಹಾಸಿತ್ತು. ಅದರಡಿ ದೇವರ ಪಟ, ಗುತ್ತಿಗೆದಾರರ ವಿಸಿಟಿಂಗ್ ಕಾರ್ಡುಗಳು, ಯಾವುದೋ ಹಳೆಯ ಲಗ್ನಪತ್ರಿಕೆ. ಗಾಜಿನ ನಡುವಿನಿಂದ ಹಿಡಿದು ಯಜಮಾನರ ಕುರ್ಚಿಯ ಕಡೆಯ ಅಂಚಿನವರೆಗೆ ಒಂದು ಕಂದು ಕಲೆ ಹರಡಿತ್ತು. ಚಹಾ ಚೆಲ್ಲಿ ಆರಿದ ಹಾಗೆ. ಅಂಜನಾ ಬೆರಳು ಉಜ್ಜಿ ನೋಡಿದಳು. ಬೆರಳಿಗೆ ಏನೂ ಹತ್ತಲಿಲ್ಲ.

ಆ ಕುರ್ಚಿಯಲ್ಲಿ ಕೂರುತ್ತಿದ್ದ ಪೈಪ್ ಕಾರ್ಖಾನೆಯ ಮಾಲೀಕ ಕೊಟ್ರಬಸಪ್ಪ ವಿಕಿರಣದಿಂದ ಒಳಗೊಳಗೇ ಬೆಂದು ಬಳ್ಳಾರಿಯ ಆಸ್ಪತ್ರೆಯಲ್ಲಿ ಸತ್ತು ಇಂದಿಗೆ ಹದಿನೇಳು ದಿನ. ಅವನನ್ನು ಕೊಂದ ಕಿರುಬೆರಳುದ್ದದ ಉಕ್ಕಿನ ಗುಳಿಗೆ ಅದಕ್ಕೂ ಮೂರು ದಿನ ಮೊದಲೇ ಅದೇ ಊರಿನ ಕೌಲ್ ಬಜಾರಿನ ಒಂದು ಗುಜರಿ ಅಂಗಡಿಯಲ್ಲಿ ಸಿಕ್ಕಿ, ಅಂಗಡಿಯವನು ಜೈಲು ಸೇರಿದ್ದ.

ಮೇಲಿನವರ ಲೆಕ್ಕದಲ್ಲಿ ಇದು ಅಪಘಾತ. ಪೈಪ್ ಕಾರ್ಖಾನೆಯಿಂದ ಯಾರೋ ಗುಳಿಗೆ ಕದ್ದರು, ಗುಜರಿಗೆ ಹಾಕಿದರು, ಹಳೇ ಕಬ್ಬಿಣ ನೋಡಲು ಹೋದ ಕೊಟ್ರಬಸಪ್ಪ ಹೊಳೆಯುವ ವಸ್ತುವನ್ನು ಕೈಗೆತ್ತಿಕೊಂಡ. ಸೋಮವಾರ ಕಡತ ಮುಚ್ಚಬೇಕೆಂದು ಆದೇಶವಾಗಿತ್ತು. ಇವತ್ತು ಶುಕ್ರವಾರ.

“ಮುಂಬಯಿಯಿಂದ ಬಂದ ಅಣುಶಕ್ತಿ ತಂಡದವರು ಈ ಕೋಣಿ ಪೂರಾ ಮೀಟರ್ ಹಿಡದು ನೋಡ್ಯಾರ ಮೇಡಂ,” ಎಂದ ಹೆಡ್ ಕಾನ್‌ಸ್ಟೇಬಲ್ ಮೈಲಾರಲಿಂಗಪ್ಪ. ಬಾಗಿಲಲ್ಲಿ ನಿಂತು ಟೋಪಿಯಿಂದ ಗಾಳಿ ಬೀಸಿಕೊಳ್ಳುತ್ತಿದ್ದ. “ಏನೂ ಇಲ್ಲ ಅಂತ ಬರದು ಕೊಟ್ಟಾರ.”

“ಅವರು ನೋಡಿದ ದಿನ ಏನೂ ಇರಲಿಲ್ಲ ಅಣ್ಣಾರ. ಅದಕ್ಕೂ ಮುಂಚಿನ ದಿನ ಇತ್ತೋ ಇಲ್ಲೋ, ಮೀಟರಿಗೆ ಹೆಂಗ ಗೊತ್ತಾಗಬೇಕು?”

ಅಂಜನಾ ತಲೆಯೆತ್ತಿ ಹೊರಗೆ ಕರೆದಳು. “ಸಂಘಮಿತ್ರಾ, ಒಳಗ ಬರ್ರಿ.”

ಹುಡುಗಿ ಹೊಸ್ತಿಲು ದಾಟಲು ಅನುಮಾನಿಸಿದಳು. ಇಪ್ಪತ್ತೊಂಬತ್ತು ವರ್ಷ. ಈ ಕಾರ್ಖಾನೆಯ ಪೈಪುಗಳ ಬೆಸುಗೆಯನ್ನು ಆ ಗುಳಿಗೆಯ ಕಿರಣದಿಂದ ಫಿಲಂ ತೆಗೆದು ಪರೀಕ್ಷಿಸುವುದು ಅವಳ ಕೆಲಸವಾಗಿತ್ತು. ಗುಳಿಗೆ ಕಾಣೆಯಾದದ್ದು ಅವಳ ಸುಪರ್ದಿಯಿಂದ. ಲೈಸೆನ್ಸ್ ಕಿತ್ತುಕೊಂಡಿದ್ದರು, ಉಪಕರಣಗಳಿಗೆ ಸೀಲು ಹಾಕಿದ್ದರು. ಅಂಜನಾಳ ಶಂಕಿತರ ಪಟ್ಟಿಯಲ್ಲಿ ಮೊದಲ ಹೆಸರು ಅವಳದೇ.

“ಇದೇನು ಹೇಳ್ರಿ.”

ಸಂಘಮಿತ್ರಾ ಗಾಜನ್ನು ನೋಡಿದಳು. ಅವಳ ಕೈ ತಾನಾಗಿ ಬಾಯಿಗೆ ಹೋಯಿತು.

“ಇಲ್ಲೇ ಇತ್ರಿ ಮೇಡಂ. ಈ ಮೇಜಿನಾಗ.”

“ಹೆಂಗ ಹೇಳ್ತೀರಿ?”

“ಗಾಮಾ ಕಿರಣ ಬಿದ್ರ ಗಾಜು ಹಿಂಗ ಕಂದಾಗ್ತೈತಿ. ಒಂದು ತಾಸು ಎರಡು ತಾಸಿಗಲ್ಲ. ಹತ್ರ ಇಟ್ಟು ದಿನಗಟ್ಲೆ ಬಿಡಬೇಕು.”

“ನಿಮ್ಮ ಮಾತು ನಾನ್ಯಾಕ ನಂಬಬೇಕು?”

ಹುಡುಗಿಯ ಮುಖ ಕೆಂಪೇರಿತು. “ನಂಬಬ್ಯಾಡ್ರಿ. ಅಂಚಿನಾಗ ಒಂದು ಚೂರು ಕತ್ತರಿಸಿ ಕೊಡ್ರಿ. ಬೆಂಕಿಗೆ ಹಿಡಿದು ತೋರಸ್ತೀನಿ.”

ಮೊದಲು ಫೋಟೋ ತೆಗೆದರು, ಪಂಚನಾಮೆ ಬರೆದರು. ಮೈಲಾರಲಿಂಗಪ್ಪ ಸ್ಟೋರಿನಿಂದ ಗಾಜು ಕೊಯ್ಯುವ ಕಟರ್ ತಂದು, ಅಂಚಿನಿಂದ ಹುಣಸೆಬೀಜದಷ್ಟು ಚೂರು ತೆಗೆದುಕೊಟ್ಟ. ಅವನ ಕೈ ಬಲು ನಾಜೂಕು. ಮೂವರೂ ಕ್ಯಾಂಟೀನಿನ ಗ್ಯಾಸ್ ಒಲೆಯ ಮುಂದೆ ನಿಂತರು. ಸಂಘಮಿತ್ರಾ ಚೂರನ್ನು ಇಕ್ಕಳದಲ್ಲಿ ಹಿಡಿದು ಉರಿಯ ಮೇಲೆ ಮೆಲ್ಲಗೆ ಆಡಿಸಿದಳು.

ಮೊದಲು ಏನೂ ಆಗಲಿಲ್ಲ. ಆಮೇಲೆ ಕಂದು ಬಣ್ಣ ಅಂಚಿನಿಂದ ಸಡಿಲವಾಯಿತು. ಜೇನಿನ ಬಣ್ಣವಾಯಿತು, ನಿಂಬೆರಸದ ಬಣ್ಣವಾಯಿತು, ಕಡೆಗೆ ಬಣ್ಣವೇ ಇಲ್ಲವಾಯಿತು. ಇಕ್ಕಳದ ತುದಿಯಲ್ಲಿ ಈಗ ನೀರಿನಂಥ ಗಾಜಿನ ಚೂರು.

ಅಡುಗೆಯವನು ಸೌಟು ಹಿಡಿದುಕೊಂಡೇ ಬಾಯಿ ಬಿಟ್ಟು ನಿಂತಿದ್ದ.

“ಚಹಾದ ಕಲಿ ಆಗಿದ್ರ ಕರಕಾಗ್ತಿತ್ತು,” ಎಂದಳು ಸಂಘಮಿತ್ರಾ. “ಕಿರಣ ಹೊಕ್ಕಾಗ ಗಾಜಿನೊಳಗ ಎಲೆಕ್ಟ್ರಾನುಗಳು ತಮ್ಮ ಜಾಗ ಬಿಟ್ಟು ಬ್ಯಾರೆ ಕಡಿ ಸಿಕ್ಕೊಂಡು ಬೀಳ್ತಾವ್ರಿ. ಹಂಗ ಸಿಕ್ಕೊಂಡಲ್ಲಿ ಬೆಳಕು ನುಂಗ್ತಾವ, ಅದಕ್ಕ ಕಂದು. ಕಾಸಿದ್ರ ಬಿಡಿಸ್ಕೊಂಡು ವಾಪಸ್ ಹೋಗ್ತಾವ. ಇದನ್ನ ನಾನು ಟ್ರೇನಿಂಗಿನಾಗ ನೋಡೀನಿ.”

“ಅಂದ್ರ ಇದು ಗೊತ್ತಿದ್ದವರು ಗಾಜು ಕಾಸಿ ಸಾಕ್ಷಿ ಅಳಿಸಬಹುದು.”

“ಹೌದ್ರಿ. ಇಷ್ಟು ದೊಡ್ಡ ಗಾಜು ಕಾಸೋದು ಹೆಂಗ? ಒಡೀತೈತಿ.”

“ಒಡದು ಹಾಕಿದ್ರೂ ಆಗ್ತಿತ್ತು,” ಎಂದಳು ಅಂಜನಾ. “ಒಡದಿಲ್ಲ. ಅಂದ್ರ ಗಾಜು ಮಾತಾಡ್ತೈತಿ ಅಂತ ಅವನಿಗೆ ಗೊತ್ತಿಲ್ಲ. ಇವತ್ತಿನ ತನಕ ಗೊತ್ತಿರಲಿಲ್ಲ.”

ಮೈಲಾರಲಿಂಗಪ್ಪ ಒಲೆಯ ಉರಿ ಆರಿಸಿದ.

ವಾಪಸು ಬಂದು ಅಂಜನಾ ಮೇಜಿನ ಡ್ರಾಯರು ಎಳೆದಳು. ಖಾಲಿ. ಮೂಲೆಯಲ್ಲಿ ಮಾತ್ರ ಚಿಟಿಕೆಯಷ್ಟು ಬಿಳಿ ಪುಡಿ.

“ಅದು ಇಲಿಪಾಷಾಣ ಇರಬೇಕಂತ ನಾನು ಮುಟ್ಟಿಲ್ರಿ,” ಎಂದಳು ಅಂಬಮ್ಮ. “ಉಳಿದದ್ದೆಲ್ಲ ಸ್ವಚ್ಛ ಮಾಡೀನಿ. ಪೈಪಿಗೆ ಸುತ್ತೋ ಬಿಳಿ ಟೇಪಿನ ರೀಲು ಒಂದಿತ್ರಿ. ಕೈಯಾಗ ಹಿಡದ್ರ ಹಪ್ಪಳದಂಗ ಮುರೀತು.”

ನಳದ ತಿರುಪಿಗೆ ನೀರು ಸೋರದಂತೆ ಸುತ್ತುವ ಟೆಫ್ಲಾನ್ ಟೇಪು. ಪೈಪ್ ಕಾರ್ಖಾನೆಯಲ್ಲಿ ಎಲ್ಲಿ ಕೈಯಿಟ್ಟರೂ ಸಿಗುತ್ತದೆ. ಎಳೆದರೆ ರಬ್ಬರಿನಂತೆ ಬರುವ ವಸ್ತು ಹಪ್ಪಳದಂತೆ ಮುರಿಯುವುದೆಂದರೇನು?

ಅಂಜನಾ ಕೇಳುವ ಮೊದಲೇ ಸಂಘಮಿತ್ರಾ ಹೇಳಿದಳು. “ಆಸಿಡ್ ಹಾಕ್ರಿ, ಏನೂ ಆಗಲ್ಲ. ಬಿಸಲಾಗ ವರ್ಷಾನುಗಟ್ಲೆ ಇಡ್ರಿ, ಏನೂ ಆಗಲ್ಲ. ಗಾಮಾ ಕಿರಣದ ಮುಂದ ಮಾತ್ರ ಟೆಫ್ಲಾನಿನಷ್ಟು ಬಡಪಾಯಿ ಮತ್ತೊಂದಿಲ್ರಿ. ಅದರ ಉದ್ದುದ್ದ ಎಳಿಗಳು ತುಂಡುತುಂಡಾಗ್ತಾವ.”

ಅಂಜನಾ ಪುಡಿಯನ್ನು ಲಕೋಟೆಗೆ ಹಾಕಿ ಸೀಲು ಮಾಡಿದಳು. ಆಮೇಲೆ ಮಂಡಿಯೂರಿ, ಕಣ್ಣನ್ನು ಗಾಜಿನ ಮಟ್ಟಕ್ಕೆ ತಂದಳು. ಕಿಟಕಿಯ ಬೆಳಕು ಗಾಜಿನ ಮೇಲೆ ಓರೆಯಾಗಿ ಬೀಳುತ್ತಿತ್ತು.

ಆಗ ಕಂಡಿತು ಅದು.

ಯಜಮಾನರ ಕಡೆ ಕಲೆ ಹೊಗೆಯಂತೆ ಮೆಲ್ಲಗೆ ತೆಳುವಾಗುತ್ತ ಹೋಗಿತ್ತು. ಎದುರಿನ ಕುರ್ಚಿಯ ಕಡೆ ಹಾಗಿರಲಿಲ್ಲ. ಅಲ್ಲಿ ಕಂದು ಬಣ್ಣ ಒಂದು ನೇರ ಗೆರೆಗೆ ಬಂದು ಥಟ್ಟನೆ ನಿಂತಿತ್ತು. ಗೆರೆಯ ಆಚೆಗೆ ಗಾಜು ಅಂಗಡಿಯಿಂದ ಈಗ ತಂದಂತೆ ತಿಳಿಯಾಗಿತ್ತು.

“ನಡುವ, ಡ್ರಾಯರಿನ ಹಿಂದ ಏನೋ ಅಡ್ಡ ಇಟ್ಟಿದ್ರು,” ಎಂದಳು ಅಂಜನಾ.

“ಸೀಸದ ಇಟ್ಟಿಗಿ,” ಸಂಘಮಿತ್ರಾಳ ದನಿ ಕೇಳಿಸದಷ್ಟು ಸಣ್ಣಗಾಗಿತ್ತು. “ನಮ್ಮ ಸ್ಟೋರಿನಾಗ ಅದಾವ್ರಿ. ಫಿಲಂ ತೆಗಿಯೋವಾಗ ನಮಗ ಕಿರಣ ಬಡೀಬಾರದು ಅಂತ ಅಡ್ಡ ಇಟ್ಕೋತೀವಿ. ಮುಂಬಯಿಯವರು ಎಣಿಸಿದಾಗ ಎಲ್ಲಾ ಸರಿ ಇದ್ದುವು.”

“ಅಂದ್ರ ಕೆಲಸ ಮುಗದ ಮ್ಯಾಲ ವಾಪಸ್ ಇಟ್ಟಾರ.”

ಅಂಜನಾ ಎದ್ದು ಎದುರಿನ ಕುರ್ಚಿಯಲ್ಲಿ ಕುಳಿತಳು. ಅವಳ ಹೊಟ್ಟೆಯ ನೇರಕ್ಕೆ ತಿಳಿಗಾಜು. ಕೊಟ್ರಬಸಪ್ಪನ ಹೊಟ್ಟೆಯ ನೇರಕ್ಕೆ ಕಂದು. ಒಬ್ಬ ಮನುಷ್ಯ ಇಲ್ಲಿ ಕುಳಿತು, ಎದುರಿಗಿದ್ದವನ ಹೊಟ್ಟೆಯ ಮುಂದೆ ಸಾವನ್ನಿಟ್ಟು, ತನಗೆ ಗೋಡೆ ಕಟ್ಟಿಕೊಂಡು, ಚಹಾ ಕುಡಿಯುತ್ತ, ಯೋಗಕ್ಷೇಮ ವಿಚಾರಿಸುತ್ತ ಇದ್ದ. ಒಂದು ದಿನವಲ್ಲ, ಹಲವು ದಿನ.

ಗುಜರಿಯವನು ಈ ಕುರ್ಚಿಯಲ್ಲಿ ಕೂರುವವನಲ್ಲ.

“ಅಂಬಮ್ಮಾ, ಇಲ್ಲಿ ದಿನಾ ಯಾರು ಕುಂದ್ರತಿದ್ರು?”

ಅಂಬಮ್ಮ ಬಾಗಿಲ ಕಡೆ ಒಮ್ಮೆ ನೋಡಿ ಸೆರಗನ್ನು ಬೆರಳಿಗೆ ಸುತ್ತಿದಳು. “ಹಂಪೇಶಣ್ಣಾರ ಬಿಟ್ರ ಇನ್ಯಾರ್ರಿ?”

*

ಹಂಪೇಶ್ ಅಂಗಳದಲ್ಲಿ ಕ್ರೇನಿನ ಕೆಳಗಿದ್ದ. ಅವನ ಹಿಂದೆ ಕುರುಗೋಡಿನ ಗುಡ್ಡಗಳು ಮಧ್ಯಾಹ್ನದ ಬಿಸಿಲಿಗೆ ಬೆಳ್ಳಗೆ ಕಾದಿದ್ದವು. ಮೂವತ್ತಾರರ ಗಟ್ಟಿ ಆಳು; ಕೊಟ್ರಬಸಪ್ಪನ ಹೆಂಡತಿ ಕೊಟ್ರಬಸಮ್ಮನ ಕೊನೆಯ ತಮ್ಮ. ಕಾರ್ಖಾನೆಯ ಮೇಲ್ವಿಚಾರಣೆ ಅವನದು.

“ಫಿಲಮ್ಮಿನ ವಿಷಯಕ್ಕ ಮಾವನ ಜೊತಿ ಜಗಳ ಆಡಿದ್ರಂತಲ್ಲ?” ಅಂಜನಾ ಕೇಳಿದಳು.

ಹಂಪೇಶ್ ಹೆಲ್ಮೆಟ್ ತೆಗೆದು ಕಂಕುಳಲ್ಲಿ ಹಿಡಿದ. “ಆಡೀನ್ರಿ. ರಾರಾವಿಯ ಏತ ನೀರಾವರಿಗೆ ಹೋಗೋ ಪೈಪು. ಹತ್ತು ಬೆಸುಗಿಗೆ ಒಂದೇ ಬೆಸುಗಿಯ ಫಿಲಂ, ನಂಬರ್ ಅಷ್ಟೇ ಬ್ಯಾರೆ. ಮಾವ ಹಿಡದುಬಿಟ್ರು. ಎಲ್ಲಾ ಕಿತ್ತು ಹೊಸದಾಗಿ ಬೆಸಿರಿ ಅಂದ್ರು. ನಾನು ಟೈಮಿಲ್ಲ ಅಂದೆ. ಅಷ್ಟೇ ಜಗಳ.”

“ಆ ಖೊಟ್ಟಿ ಫಿಲಂ ಮಾಡಿದ್ದು ಯಾರು?”

“ನಾನಲ್ಲ,” ಎಂದಳು ಸಂಘಮಿತ್ರಾ ಹಿಂದಿನಿಂದ. “ನಾನು ರಜಾದಾಗಿದ್ದೆ. ಮೇಡಂಗ ಮೊದ್ಲ ಹೇಳೀನಿ.”

“ನಾನೂ ಅಲ್ರಿ,” ಎಂದ ಹಂಪೇಶ್.

ಅಂಜನಾ ಇಬ್ಬರ ಮುಖವನ್ನೂ ನೋಡಿದಳು. ಸುಳ್ಳು ಹೇಳುವವರಿಗೆ ತಯಾರಿ ಇರುತ್ತದೆ. ಇವರಿಬ್ಬರ ಮಾತಿನಲ್ಲಿ ಸಿಟ್ಟು ಮಾತ್ರ ಇತ್ತು. ಆದರೂ ಸಿಟ್ಟನ್ನು ನಟಿಸುವವರನ್ನು ಅವಳು ನೋಡದೆ ಇರಲಿಲ್ಲ.

“ನಿಮ್ಮ ಬೈಕಿನ ಬಾಕ್ಸ್ ತಗೀರಿ.”

ಬೇವಿನ ನೆರಳಲ್ಲಿ ನಿಂತ ಬೈಕಿನ ಪಕ್ಕಕ್ಕೆ ತಗಡಿನ ಪೆಟ್ಟಿಗೆ ಕೂಡಿಸಿತ್ತು. ಹಂಪೇಶ್ ಏನೊಂದೂ ಅನುಮಾನಿಸದೆ ಮುಚ್ಚಳ ಎತ್ತಿದ. ಪಾನಾ, ಚಿಂದಿ ಬಟ್ಟೆ, ಅಳತೆಪಟ್ಟಿ, ಒಂದು ಟೆಫ್ಲಾನ್ ರೀಲು.

“ಆ ಟೇಪು ಒಂದು ಸಲ ಎಳದು ತೋರ್ಸ್ರಿ.”

“ಯಾಕ್ರಿ?”

“ಎಳೀರಿ.”

ಅವನು ತುದಿ ಹಿಡಿದು ಎಳೆದ. ಟೇಪು ಬರಲಿಲ್ಲ. ಮುರಿಯಿತು. ಇನ್ನೊಮ್ಮೆ ಎಳೆದ. ಬೆರಳ ಸಂದಿಯಿಂದ ಬಿಳಿ ಹೊಟ್ಟು ಉದುರಿ ಬೂಟಿನ ಮೇಲೆ ಬಿತ್ತು.

ಹಂಪೇಶ್ ತನ್ನ ಬೆರಳುಗಳನ್ನೇ ನೋಡುತ್ತ ನಿಂತ. “ಗಾಮಾ ಕಿರಣ ಬಡದ್ರ ಹಿಂಗಾಗ್ತೈತ್ರಿ,” ಎಂದಳು ಸಂಘಮಿತ್ರಾ. ಅರ್ಥವಾದಾಗ ಬೈಕಿನಿಂದ ಎರಡು ಹೆಜ್ಜೆ ಹಿಂದಕ್ಕೆ ಹಾರಿದ.

“ಈಗ ಅದರಾಗ ಇಲ್ಲ, ಹೆದರಬ್ಯಾಡ್ರಿ,” ಎಂದಳು ಅಂಜನಾ. “ಮೊದ್ಲ ಇತ್ತು. ಗುಳಿಗಿ ನಿಮ್ಮ ಬೈಕಿನಾಗ ದಿನಗಟ್ಲೆ ಇತ್ತು. ನಿಮ್ಮ ಮಾವನ ಮೇಜಿನಾಗೂ ಇತ್ತು. ನಡುವ ಓಡಾಡಿದವರು ಯಾರು ಹಂಪೇಶ್?”

“ನಾನಲ್ರಿ! ಅಕ್ಕನಾಣೆ ನಾನಲ್ಲ!”

“ಅವರ ಎದುರಿಗೆ ಕುಂದ್ರತಿದ್ದವರು ನೀವು.”

“ಯಾವಾಗ? ಮಾವ ಹಾಸಿಗಿ ಹಿಡಿಯೋಕ್ಕಿಂತ ಮುಂಚೆ ಹದಿಮೂರು ದಿನ ನಾನು ರಾರಾವಿಯಾಗ ಪೈಪು ಇಳಸ್ತಿದ್ದೆ! ಅಲ್ಲೇ ಶೆಡ್ಡಿನಾಗ ಮಲಗ್ತಿದ್ದೆ, ಐವತ್ತು ಮಂದಿ ನೋಡ್ಯಾರ. ಕಂಪನಿ ಜೀಪಿನಾಗ ಹೋಗಿದ್ದೆ. ಬೈಕು ಸಿರುಗುಪ್ಪದಾಗ ಅಕ್ಕನ ಮನಿ ಮುಂದ ನಿಂತಿತ್ತು, ಕೀಲಿ ಅಕ್ಕನ ಹತ್ರ ಕೊಟ್ಟಿದ್ದೆ.”

“ಅಕ್ಕನ ಹತ್ರ ಕೀಲಿ ಇಸ್ಕೊಂಡವರು ಯಾರು?”

ಹಂಪೇಶ್ ಬಾಯಿ ತೆರೆದ. ಅವನ ನೋಟ ಅಂಜನಾಳ ಹೆಗಲಿನ ಮೇಲಿಂದ ಹಾದು ಎಲ್ಲೋ ನಿಂತಿತು. ಬಾಯಿ ಮುಚ್ಚಿಕೊಂಡ.

ಅಂಜನಾ ತಿರುಗಿ ನೋಡಿದಳು. ಕಿಡಿ ಹಾರಿಸುತ್ತಿದ್ದ ಬೆಸುಗೆಯವರು. ಕ್ರೇನಿನ ಡ್ರೈವರು. ಕೈಕಟ್ಟಿ ನಿಂತ ಸಂಘಮಿತ್ರಾ. ನೀರಿನ ಬಾಟಲಿ ಹಿಡಿದು ಬರುತ್ತಿದ್ದ ಮೈಲಾರಲಿಂಗಪ್ಪ. ಬಾಗಿಲಿಗೊರಗಿದ ಅಂಬಮ್ಮ.

“ಹೇಳ್ರಿ ಹಂಪೇಶ್.”

“ಇಲ್ಲಿ ಬ್ಯಾಡ್ರಿ. ನನಗ ಪೂರಾ ಗೊತ್ತಿಲ್ಲ. ಗೊತ್ತಿಲ್ಲದ್ದು ಹೇಳಿ ಇನ್ನೊಂದು ಹೆಣ ಬೀಳಬಾರದು. ಅಕ್ಕನ್ನ ಕೇಳ್ರಿ. ನೀವು ಒಬ್ರ ಹೋಗಿ ಕೇಳ್ರಿ.”

ಎಷ್ಟು ಒತ್ತಾಯಿಸಿದರೂ ಅವನು ಮುಂದೆ ಒಂದಕ್ಷರ ಆಡಲಿಲ್ಲ. ಅವನನ್ನು ಅಲ್ಲೇ ಇಬ್ಬರು ಪೇದೆಗಳ ಕಾವಲಿನಲ್ಲಿ ಕೂರಿಸಿ, ಅಂಜನಾ ಜೀಪು ಹತ್ತಿದಳು.

*

ಒಬ್ಬಳೇ ಹೋಗಲು ಮನಸ್ಸಾಗಲಿಲ್ಲ. ಸಂಘಮಿತ್ರಾಳನ್ನು ಕಣ್ಣಳತೆಯಿಂದ ಆಚೆ ಬಿಡುವಂತಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡಳು. ಜೀಪು ಓಡಿಸಿದವನು ಎಂದಿನಂತೆ ಮೈಲಾರಲಿಂಗಪ್ಪ.

ದಾರಿಯುದ್ದಕ್ಕೂ ರಸ್ತೆಯ ಒಂದು ಮಗ್ಗುಲಿಗೆ ಭತ್ತ ಒಣಹಾಕಿದ್ದರು. ಕೊಯ್ಲಿನ ಯಂತ್ರಗಳು ಸಾಲಾಗಿ ಎದುರು ಬರುತ್ತಿದ್ದವು. ಜೀಪು ಪಕ್ಕಕ್ಕೆ ಸರಿದು, ನಿಂತು, ಮತ್ತೆ ಹೊರಡುತ್ತಿತ್ತು.

“ಹಂಪೇಶ ನಾಟಕ ಆಡ್ತಾನ ಮೇಡಂ,” ಎಂದ ಮೈಲಾರಲಿಂಗಪ್ಪ. “ಮೂವತ್ತು ವರ್ಷದ ಸರ್ವಿಸಿನಾಗ ಇಂಥವರನ್ನ ಬೇಕಾದಷ್ಟು ನೋಡೀನಿ. ಸಿಕ್ಕೊಂಡ ಕೂಡ್ಲೆ ಹೆಣ್ಣುಮಕ್ಕಳ ಸೆರಗಿನ ಹಿಂದ ಅಡಗಿಕೋತಾರ. ಟೇಪು ಅವನ ಪೆಟ್ಟಿಗ್ಯಾಗ ಸಿಕ್ಕೈತಿ. ಇನ್ನೇನು ಬೇಕ್ರಿ?”

“ತಪ್ಪು ಮಾಡಿದವ ಆ ಟೇಪು ಇನ್ನೂ ಇಟ್ಕೊಂಡಿರ್ತಿದ್ನಾ ಅಣ್ಣಾರ?”

“ಟೇಪು ಮುರೀತೈತಿ ಅಂತ ಗೊತ್ತಿರಬೇಕಲ್ಲ.” ಕನ್ನಡಿಯಲ್ಲಿ ಹಿಂದಿನ ಸೀಟಿನ ಕಡೆ ನೋಡಿದ. “ಗೊತ್ತಿರೋರು ಬ್ಯಾರೆ ಅದಾರ. ಗಾಜು ಗೊತ್ತು, ಟೇಪು ಗೊತ್ತು, ಇಟ್ಟಿಗಿ ಗೊತ್ತು. ನಾನು ಯಾರ ಹೆಸರೂ ಹೇಳಲ್ಲ.”

ಸಂಘಮಿತ್ರಾ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಮೈಲಾರಲಿಂಗಪ್ಪ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆ ಹುಡುಗಿಯೇ ಕೊಲೆಗಾರ್ತಿಯಾಗಿದ್ದರೆ ಗಾಜಿನ ಗುಟ್ಟನ್ನು ತಾನಾಗಿ ಯಾಕೆ ಬಿಚ್ಚಿಡಬೇಕು ಎಂಬುದು ಒಂದು ಪ್ರಶ್ನೆ. ಬೇರೊಬ್ಬನ ಕಡೆಗೆ ಬೆರಳು ತಿರುಗಿಸಲು ಅದಕ್ಕಿಂತ ಒಳ್ಳೆಯ ಉಪಾಯ ಯಾವುದು ಎಂಬುದು ಇನ್ನೊಂದು. ದೇಶನೂರು ದಾಟುವವರೆಗೂ ಅಂಜನಾ ಎರಡನ್ನೂ ತೂಗುತ್ತಲೇ ಇದ್ದಳು.

*

ಸಿರುಗುಪ್ಪದ ಮನೆಯ ಪಡಸಾಲೆ ತಂಪಾಗಿತ್ತು. ಊದಿನಕಡ್ಡಿಯ ವಾಸನೆ ಬಾಗಿಲಿಗೇ ಬಂದು ಮೂಗಿಗೆ ಬಡಿಯಿತು. ಕೊಟ್ರಬಸಮ್ಮ ಗೋಡೆಗೆ ಒರಗಿ ಚಾಪೆಯ ಮೇಲೆ ಕುಳಿತಿದ್ದಳು. ಅವಳ ತಲೆಯ ಮೇಲೆ, ಗೋಡೆಯಲ್ಲಿ, ಸೇವಂತಿಗೆ ಹಾರ ಹಾಕಿದ ಗಂಡನ ಫೋಟೋ.

ಅಂಜನಾ ಆಸ್ಪತ್ರೆಯಲ್ಲಿ ನೋಡಿದ್ದ ಹೆಂಗಸು ಇವಳಲ್ಲವೇನೋ ಅನ್ನಿಸುವಷ್ಟು ಇಳಿದುಹೋಗಿದ್ದಳು. ಮಗ್ಗುಲಲ್ಲಿ ಒಂದು ತಗಡಿನ ಬೋಗುಣಿ.

“ಬಾರವ್ವ ಮಗಳ, ಕುಂದ್ರು,” ಎಂದಳು. “ನಾಲ್ಕು ದಿನ ಆತು, ಹೊಟ್ಟಿಯಾಗ ನೀರೂ ನಿಂದ್ರವಲ್ದು. ಓಣಿಯವರು ಸಂಕಟಕ್ಕ ಹಂಗಾಗ್ತೈತಿ ಅಂತಾರ. ಹಗಲೆಲ್ಲಾ ಇಲ್ಲೇ ಅವರ ಕೆಳಗ ಕುಂತಿರ್ತೀನಿ. ಎದ್ದು ಹೋಗಾಕ ಮನಸಾಗಲ್ಲ.”

ಸಂಘಮಿತ್ರಾ ಹೊಸ್ತಿಲಲ್ಲೇ ನಿಂತಳು. ಮೈಲಾರಲಿಂಗಪ್ಪ ಜೀಪಿನ ಹತ್ತಿರ ಉಳಿದ.

ಅಂಜನಾ ಚಾಪೆಯ ಅಂಚಿನಲ್ಲಿ ಕುಳಿತು ಮುದುಕಿಯ ಕೈ ಹಿಡಿದಳು. ಕೈ ಕೆಂಡದಂತೆ ಕಾದಿತ್ತು. “ಅಮ್ಮಾ, ಹಂಪೇಶ್ ರಾರಾವಿಗೆ ಹೋಗಿದ್ದಾಗ ಅವನ ಬೈಕಿನ ಕೀಲಿ ಯಾರಿಗೆ ಕೊಟ್ರಿ?”

“ಕೀಲಿ?” ಕೊಟ್ರಬಸಮ್ಮ ನೆನಪಿಸಿಕೊಳ್ಳುವಂತೆ ಕಣ್ಣು ಮುಚ್ಚಿದಳು. “ಫೋನ್ ಬಂದಿತ್ತವ್ವ. ನಮ್ಮ ಮನಿಯವರಿಗೇ ಬಂದಿತ್ತು. ಕಾರ್ಖಾನಿಯ ಫಿಲಮ್ಮಿನ ವಿಷಯ ಗುಟ್ಟಾಗಿ ವಿಚಾರಣೆ ಮಾಡಾಕ ಒಬ್ರು ಬರ್ತಾರ, ಅವರಿಗೆ ಓಡಾಡಾಕ ಬೈಕು ಕೊಡು ಅಂತ ಇವರ ಹೇಳಿದ್ರು. ಕಾರ್ಖಾನಿಗೂ ಅವರು ದಿನಾ ಬಂದು ಕುಂತು...”

ಮಾತು ಅಲ್ಲಿಗೇ ನಿಂತಿತು. ಮುದುಕಿ ಬೋಗುಣಿಯ ಕಡೆ ವಾಲಿದಳು. ಅಂಜನಾ ಅವಳ ಬೆನ್ನು ನೀವಿ, ನೀರಿಗಾಗಿ ಸುತ್ತ ನೋಡಿ, ಮೇಲೆ ನೋಡಿದಳು.

ಫೋಟೋದ ಗಾಜಿನ ಕೆಳಗಿನ ಅರ್ಧ ಮಬ್ಬಾಗಿತ್ತು. ಕೊಟ್ರಬಸಪ್ಪನ ಮುಖ ಸ್ಪಷ್ಟವಾಗಿತ್ತು. ಅಂಗಿಯ ಗುಂಡಿಗಳಿಂದ ಕೆಳಗೆ ಚಹಾದ ಬಣ್ಣ.

“ಊದಿನಕಡ್ಡಿ ಹೊಗಿ ಹಿಡದೈತಿ,” ಎಂದಳು ಕೊಟ್ರಬಸಮ್ಮ ಬಾಯಿ ಒರೆಸಿಕೊಳ್ಳುತ್ತ. “ಒರಸಿದ್ರ ಹೋಗವಲ್ದು.”

ಅಂಜನಾ ಮನಸ್ಸಿನಲ್ಲೇ ದಿನ ಎಣಿಸಿದಳು.

ಗುಳಿಗೆ ಸಿಕ್ಕು ಇಪ್ಪತ್ತು ದಿನವಾಗಿತ್ತು. ಅದು ಸೀಸದ ಡಬ್ಬಿಯಲ್ಲಿ ಮುಂಬಯಿ ಸೇರಿತ್ತು. ಅದೇ ದಿನ ಈ ಮನೆಯನ್ನೂ ಮೂಲೆಮೂಲೆ ಬಿಡದೆ ಮೀಟರು ಹಿಡಿದು ನೋಡಿದ್ದರು. ಕೊಟ್ರಬಸಪ್ಪ ಕಣ್ಣು ಮುಚ್ಚಿದ್ದೇ ಅದಾದ ಮೂರು ದಿನಕ್ಕೆ. ಸತ್ತವನ ಫೋಟೋಗೆ ಕಟ್ಟು ಹಾಕುವುದು ಸತ್ತ ಮೇಲೆ.

ಹಾಗಿದ್ದರೆ ಈ ಗಾಜನ್ನು ಸುಟ್ಟದ್ದು ಯಾವುದು?

“ಮೇಡಂ!” ಹೊಸ್ತಿಲಿನಿಂದ ಸಂಘಮಿತ್ರಾಳ ಕೂಗು. ಅವಳೂ ನೋಡಿದ್ದಳು. “ಇನ್ನೊಂದು ಐತಿ! ಫೋಟೋದ ಹಿಂದ! ಎಬ್ಬಿಸ್ರಿ ಅವರನ್ನ, ಹೊರಗ ಬರ್ರಿ, ಜಲ್ದಿ!”

ಅಂಜನಾ ಮುದುಕಿಯನ್ನು ಎರಡೂ ತೋಳಲ್ಲಿ ಎತ್ತಿಕೊಂಡಳು. ಅಷ್ಟು ಹಗುರವಾಗಿದ್ದಳು. ಚಾಪೆ ಕಾಲಿಗೆ ಸಿಕ್ಕಿತು, ಬೋಗುಣಿ ಉರುಳಿತು. ಸಂಘಮಿತ್ರಾ ಅಡುಗೆಮನೆಗೆ ನುಗ್ಗಿ ಕೆಲಸದ ಹೆಂಗಸನ್ನು ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ಅಂಗಳ ದಾಟಿ, ರಸ್ತೆ ದಾಟಿ, ಎದುರಿನ ಖಾಲಿ ಜಾಗದ ತುದಿಗೆ ಹೋಗುವವರೆಗೆ ಯಾರೂ ನಿಲ್ಲಲಿಲ್ಲ.

“ಅಕ್ಕಪಕ್ಕದ ಮನಿ ಖಾಲಿ ಮಾಡಸ್ರಿ,” ಸಂಘಮಿತ್ರಾ ಏದುಸಿರು ಬಿಡುತ್ತಿದ್ದಳು. “ಮುಂಬಯಿಯವರು ಬರೋ ತನಕ ಒಳಗ ಯಾರೂ ಕಾಲಿಡಬಾರದು. ಮೇಡಂ, ನನ್ನ ದಾಖಲ್ಯಾಗ ಕಾಣೆಯಾಗಿದ್ದು ಒಂದೇ. ಖರೇ ಒಂದೇ. ಇದು ಎಲ್ಲಿಂದ ಬಂತೋ ನನಗ ಗೊತ್ತಿಲ್ಲ.”

ಅದಕ್ಕೆ ಉತ್ತರ ಹುಡುಕಲು ಈಗ ಹೊತ್ತಿರಲಿಲ್ಲ. ಅಂಜನಾ ಮುದುಕಿಯನ್ನು ನೆಲದ ಮೇಲೆ ಕೂರಿಸಿ, ಅವಳ ಮುಖವನ್ನು ತನ್ನ ಕಡೆ ತಿರುಗಿಸಿದಳು.

“ಅಮ್ಮಾ, ಆ ಫೋಟೋ ಕಟ್ಟು ಹಾಕ್ಸಿ ತಂದವರು ಯಾರು?”

ಕೊಟ್ರಬಸಮ್ಮ ಅವಳನ್ನು ಗೊಂದಲದಿಂದ ನೋಡಿದಳು.

“ನೀನ ಕಳಿಸಿದ್ದಲ್ಲೇನವ್ವ?”

“ನಾನಾ?”

“ಹನ್ನೊಂದನೇ ದಿನ ಒಬ್ಬ ಆಟೋದವ ಕೌಲ್ ಬಜಾರಿನಿಂದ ತಂದ. ಅಂಜನಾ ಮೇಡಮ್ಮಾರು ಕಟ್ಟು ಹಾಕ್ಸಿ ಕಳಿಸ್ಯಾರ ಅಂದ. ಆ ಫೋಟೋ ನಿನ್ನ ಬಿಟ್ಟು ಯಾರ ಹತ್ರಾನೂ ಇರಲಿಲ್ಲಲ್ಲವ್ವ. ಆಸ್ಪತ್ರಿಯಾಗ ನನ್ನ ಹತ್ರ ಇದ್ದದ್ದು ಒಂದೇ ಒಂದು, ಕೇಸಿಗೆ ಬೇಕು ಅಂತ ನೀನ ಇಸ್ಕೊಂಡು ಹೋಗಿದ್ದಿ. ಅದಕ್ಕ ನಂಬಿದೆ. ಎಷ್ಟು ಚೊಲೋ ಮನಸು ಈ ಹುಡುಗೀದು ಅಂತ ಅತ್ತೆ.”



ಆ ಫೋಟೋ ಅಂಜನಾಳ ಕಡತದಲ್ಲಿತ್ತು. ಕಡತ ಬಳ್ಳಾರಿಯ ಬಾಡಿಗೆ ಕಟ್ಟಡದಲ್ಲಿದ್ದ ಅವರ ಎರಡು ಕೋಣೆಯ ತನಿಖಾ ಘಟಕದ ಕಬ್ಬಿಣದ ಬೀರುವಿನಲ್ಲಿತ್ತು. ಬೀರುವಿಗೆ ಎರಡು ಕೀಲಿ. ಒಂದು ಅವಳ ಸೊಂಟದ ಚೀಲದಲ್ಲಿ. ಚೀಲವನ್ನು ಮುಟ್ಟಿ ನೋಡಿಕೊಂಡಳು. ಇತ್ತು.

ಇನ್ನೊಂದು ಕೀಲಿಯನ್ನು ಅವಳೇ ಕೈಯಾರೆ ಕೊಟ್ಟಿದ್ದಳು. ಸುಸ್ತಾದ ದಿನ ಚಹಾ ತಂದುಕೊಡುವ, ಊಟ ಮಾಡಿದೆಯಾ ಎಂದು ಕೇಳುವ, ನಿವೃತ್ತಿಗೆ ಎಂಟು ತಿಂಗಳಿರುವ ಮನುಷ್ಯನಿಗೆ.

ಹಿಂದೆ ಜೀಪಿನ ಸದ್ದಾಯಿತು. ಮೈಲಾರಲಿಂಗಪ್ಪ ಅದನ್ನು ಹಿಮ್ಮುಖವಾಗಿ ತಂದು ಅವರ ಪಕ್ಕಕ್ಕೇ ನಿಲ್ಲಿಸಿ, ಇಳಿದು, ಹಿಂದಿನ ಬಾಗಿಲು ತೆರೆದ. ಅವನ ಮುಖದಲ್ಲಿ ಗಾಬರಿ ಇತ್ತು. ಇರಬೇಕಾದಷ್ಟೇ ಇತ್ತು.

“ಅಮ್ಮನ್ನ ನಾನು ಬಳ್ಳಾರಿ ಆಸ್ಪತ್ರಿಗೆ ಮುಟ್ಟಸ್ತೀನಿ ಮೇಡಂ. ಈ ಹುಡುಗೀನೂ ಬರ್ಲಿ, ಡಾಕ್ಟರಿಗೆ ವಿವರ ಹೇಳ್ತಾಳ. ನೀವು ಇಲ್ಲೇ ಇದ್ದು ಮನಿ ಕಾಯ್ರಿ.”

ಕೊಟ್ರಬಸಮ್ಮ ಏಳಲು, ಗುರುತಿನವರ ಕಡೆ ಚಾಚುವಂತೆ ಅವನತ್ತ ಕೈ ಚಾಚಿದಳು. ಸಂಘಮಿತ್ರಾ ಆಗಲೇ ಜೀಪಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದಳು.

“ತಡೀರಿ,” ಎಂದಳು ಅಂಜನಾ. ತನ್ನ ದನಿ ಸಹಜವಾಗಿದೆಯೇ ಎಂದು ತಾನೇ ಆಲಿಸಿದಳು. “ನೀವು ಇಲ್ಲಿ ಜನರನ್ನ ಸಂಭಾಳಿಸ್ರಿ ಅಣ್ಣಾರ, ನಿಮ್ಮ ಮಾತು ಕೇಳ್ತಾರ. ಕೀಲಿ ಕೊಡ್ರಿ. ಜೀಪು ನಾನ ಓಡಸ್ತೀನಿ.”

ಅವಳು ಅಂಗೈ ಚಾಚಿದಳು.

ಮೈಲಾರಲಿಂಗಪ್ಪ ಆ ಅಂಗೈಯನ್ನು ನೋಡಿದ. ಅವಳ ಮುಖ ನೋಡಿದ. ಆಮೇಲೆ ನಕ್ಕ. ದಿನವೂ ಚಹಾ ತಂದಿಡುವಾಗ ನಗುವ ಅದೇ ನಗು.

ಕೀಲಿ ಮಾತ್ರ ಕೊಡಲಿಲ್ಲ.